ಓದುವ ಬಗೆಯನ್ನೂ ಕಲಿಸಬೇಕು

ಆರನೆಯ ತರಗತಿಗೆ ಕಾಲಿಟ್ಟ ಮಗುವಿಗೆ ಎಲ್ಲರೂ ಹೇಳುವ ಮಾತು ಒಂದೇ: 'ಚೆನ್ನಾಗಿ ಓದು.' ತಂದೆತಾಯಿಯರು ಹೇಳುತ್ತಾರೆ, ಗುರುಗಳು ಹೇಳುತ್ತಾರೆ, ಹಬ್ಬಕ್ಕೆ ಬಂದ ನೆಂಟರೂ ಹೇಳಿ ಹೋಗುತ್ತಾರೆ. ಆದರೆ ಚೆನ್ನಾಗಿ ಓದುವುದೆಂದರೆ ಏನು ಮಾಡುವುದು ಎಂಬುದನ್ನು ತಿಳಿಸಿಕೊಡುವವರು ವಿರಳ. ಮಗು ತನಗೆ ತೋಚಿದ ದಾರಿಯನ್ನು ಹಿಡಿಯುತ್ತದೆ. ಪಾಠವನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದುತ್ತದೆ, ಗುರುಗಳು ಬರೆಸಿದ ಉತ್ತರವನ್ನು ಉರು ಹೊಡೆಯುತ್ತದೆ, ಪರೀಕ್ಷೆ ಮುಗಿದ ವಾರದಲ್ಲಿ ಮರೆಯುತ್ತದೆ.

ಈ ಕೊರತೆ ಎಲ್ಲ ಕಡೆಯೂ ಇದೆ. ಆದರೆ ನಮ್ಮ ಕೃಷ್ಣಗಿರಿ ಜಿಲ್ಲೆಯ ಕನ್ನಡ ಮಕ್ಕಳಿಗೆ ಅದರ ಪೆಟ್ಟು ಹೆಚ್ಚು. ಹೊಸೂರು, ತಳಿ, ಬಾಗಲೂರು, ಡೆಂಕಣಿಕೋಟೆಗಳ ಕಡೆಯ ಮಗು ಮೂರು ಭಾಷೆಗಳನ್ನು ಮೂರು ಲಿಪಿಗಳಲ್ಲಿ ಕಲಿಯಬೇಕು. ಕನ್ನಡ ಮಾಧ್ಯಮದಲ್ಲಿ ಎಂಟು ಅಥವಾ ಹತ್ತು ವರ್ಷ ಓದಿದ ಬಳಿಕ ಬಹುಪಾಲು ಮಕ್ಕಳು ತಮಿಳು ಇಲ್ಲವೆ ಇಂಗ್ಲಿಷ್ ಮಾಧ್ಯಮಕ್ಕೆ ದಾಟಿಕೊಳ್ಳಲೇಬೇಕು. ಉರು ಹೊಡೆದ ಕನ್ನಡದ ಉತ್ತರ ಅಲ್ಲಿ ಕೆಲಸಕ್ಕೆ ಬಾರದು. ಕಲಿಯುವ ಬಗೆ ಕೈವಶವಾಗಿದ್ದರೆ ಅದು ಭಾಷೆಯ ಗಡಿಯನ್ನು ದಾಟಿಯೂ ಜೊತೆಯಲ್ಲಿ ಬರುತ್ತದೆ. ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಮತ್ತೊಂದು ಭಾಷೆಯ ಕಲಿಕೆಗೆ ಆಧಾರವಾಗುತ್ತದೆ ಎಂಬ ವಾದವನ್ನು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿಯೇ ಮುಂದಿಟ್ಟರು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣ, ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಿರಬೇಕೆನ್ನುತ್ತದೆ. ಅದೇ ಪ್ರಕರಣ, ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಶಕ್ತಿಯನ್ನೂ ಅಳೆಯಬೇಕೆಂದೂ ಹೇಳುತ್ತದೆ. ನಾವು ಮೊದಲನೆಯ ಮಾತಿಗಾಗಿ ಮನವಿಗಳನ್ನು ಸಲ್ಲಿಸಿದ್ದೇವೆ. 2006ರ ತಮಿಳು ಕಲಿಕೆ ಕಾಯಿದೆಯ ಕುರಿತು ಭಾಷಾ ಅಲ್ಪಸಂಖ್ಯಾತರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದ್ದಾರೆ. ಎರಡನೆಯ ಮಾತನ್ನು ಮಾತ್ರ ನಾವಾಗಿ ಕೇಳಿದ್ದು ಕಡಿಮೆ. ಅದಕ್ಕೆ ನ್ಯಾಯಾಲಯದ ಆದೇಶವೂ ಬೇಕಿಲ್ಲ, ತರಗತಿಯ ಹತ್ತು ನಿಮಿಷ ಸಾಕು.

ವಕೀಲರ ಓದಿನಿಂದಲೇ ಒಂದು ನಿದರ್ಶನ ಕೊಡಬಹುದು. ಐವತ್ತು ಪುಟಗಳ ತೀರ್ಪನ್ನು ಯಾವ ವಕೀಲನೂ ಬಾಯಿಪಾಠ ಮಾಡುವುದಿಲ್ಲ. ನಡೆದ ಸಂಗತಿ ಏನು, ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಯಾವುದು, ನಿರ್ಣಯ ಏನಾಯಿತು, ಅದಕ್ಕೆ ಕಾರಣವೇನು ಎಂದು ನಾಲ್ಕು ಪ್ರಶ್ನೆಗಳನ್ನು ಹಿಡಿದು ಓದುತ್ತಾನೆ. ಅರ್ಧ ಪುಟದ ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಏಳನೆಯ ತರಗತಿಯ ಮಗುವಿಗೂ ಇದು ಅಸಾಧ್ಯವಲ್ಲ. ನದಿಗಳ ಪಾಠವಿದೆ ಎನ್ನೋಣ. ಪುಸ್ತಕ ತೆರೆಯುವ ಮೊದಲು ಮಕ್ಕಳಿಂದಲೇ ಪ್ರಶ್ನೆಗಳನ್ನು ಬರೆಸಬೇಕು. ನಮ್ಮ ದಕ್ಷಿಣ ಪಿನಾಕಿನಿ ಎಲ್ಲಿ ಹುಟ್ಟುತ್ತದೆ? ಯಾವ ಅಣೆಕಟ್ಟುಗಳನ್ನು ದಾಟುತ್ತದೆ? ಎಲ್ಲಿ ಕಡಲನ್ನು ಸೇರುತ್ತದೆ? ಕೆಲವರಪಳ್ಳಿ ಜಲಾಶಯದಲ್ಲಿ ನೊರೆ ಏಳುವುದೇಕೆ? ಮೊದಲ ಮೂರಕ್ಕೆ ನಂದಿಬೆಟ್ಟ, ಕೆಲವರಪಳ್ಳಿ ಮತ್ತು ಕೃಷ್ಣಗಿರಿ, ಕಡಲೂರು ಎಂಬ ಉತ್ತರಗಳು ಪುಸ್ತಕದಲ್ಲಿಯೋ ಭೂಪಟದಲ್ಲಿಯೋ ಸಿಗುತ್ತವೆ. ನಾಲ್ಕನೆಯದಕ್ಕೆ ಯೋಚಿಸಬೇಕು. ಪ್ರಶ್ನೆಯನ್ನು ಹಿಡಿದು ಓದುವ ಮಗುವಿನ ಕಣ್ಣು ಸಾಲಿನ ಮೇಲೆ ಸುಮ್ಮನೆ ಜಾರುವುದಿಲ್ಲ.

ಎರಡನೆಯ ಅಭ್ಯಾಸ, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ಗುಂಪು ಪಾಠವನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು; ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಓದಿದವರಲ್ಲಿ ಉಳಿದದ್ದು ಶೇಕಡಾ 40ರಷ್ಟು, ಬರೆದವರಲ್ಲಿ ಶೇಕಡಾ 61ರಷ್ಟು. ಅವರು ಕಾಲೇಜಿನ ವಿದ್ಯಾರ್ಥಿಗಳು; ಆದರೂ ಮತ್ತೆ ಮತ್ತೆ ಓದಿದಾಗ 'ನನಗೆ ಬಂತು' ಎಂಬ ಭ್ರಮೆ ಹುಟ್ಟುವುದು ಯಾವ ವಯಸ್ಸಿನವರಿಗೂ ತಪ್ಪಿದ್ದಲ್ಲ. ಹೀಗೆ ಬರೆಯುವುದನ್ನು ಒಂದೇ ದಿನಕ್ಕೆ ಮುಗಿಸದೆ, ಎರಡು ದಿನ ಬಿಟ್ಟು, ಮತ್ತೆ ಒಂದು ವಾರ ಬಿಟ್ಟು ಮಾಡಿಸಿದರೆ ಫಲ ಹೆಚ್ಚು. ನಮ್ಮ ಹಿರಿಯರು ಮಗ್ಗಿಯನ್ನು ದಿನವೂ ಸಂಜೆ ಒಪ್ಪಿಸಲು ಹೇಳುತ್ತಿದ್ದುದರಲ್ಲಿ ಈ ವಿವೇಕವಿತ್ತು.

ಮೂರನೆಯದು ಗಡಿನಾಡಿನ ಮಗುವಿಗೆ ವಿಶೇಷವಾಗಿ ಬೇಕಾದ ಪದಗಳ ಟಿಪ್ಪಣಿ ಪುಸ್ತಕ. ಪುಟಕ್ಕೆ ಮೂರು ಅಂಕಣ. ಕನ್ನಡದ 'ದ್ಯುತಿಸಂಶ್ಲೇಷಣೆ'ಯ ಪಕ್ಕದಲ್ಲಿ ತಮಿಳಿನ 'ಒಳಿಚ್ಚೇರ್ಕೈ', ಅದರ ಪಕ್ಕದಲ್ಲಿ ಇಂಗ್ಲಿಷಿನ 'ಫೋಟೊಸಿಂಥೆಸಿಸ್'. ಮೂರನ್ನೂ ಬಿಡಿಸಿ ನೋಡಿದರೆ ಅರ್ಥ ಒಂದೇ: ಮೊದಲ ಭಾಗ ಬೆಳಕು, ಎರಡನೆಯದು ಸೇರಿಸುವುದು. ತಮಿಳಿನ 'ಸೇರ್ಕೈ'ಗೂ ನಮ್ಮ 'ಸೇರು' ಎಂಬ ಮಾತಿಗೂ ಬೇರು ಒಂದೇ. ಇದನ್ನು ಒಮ್ಮೆ ಕಂಡ ಮಗು ತಮಿಳಿಗೆ ಹೆದರುವುದಿಲ್ಲ, ಕನ್ನಡವನ್ನು ಹೊರೆಯೆಂದೂ ಭಾವಿಸುವುದಿಲ್ಲ.

ಶಿಕ್ಷಕರು ಸಾಲದ ಶಾಲೆಯಲ್ಲಿ ಇದೆಲ್ಲ ಹೇಗೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಈ ಪ್ರಾಂತದ ಚರಿತ್ರೆಯಲ್ಲಿಯೇ ಇದೆ. ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದಲ್ಲಿ, ಬಲ್ಲ ಮಕ್ಕಳಿಂದ ಬಾರದ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ನಡೆಸಿ, 1797ರಲ್ಲಿ ಅದರ ಕುರಿತು ಪುಸ್ತಕ ಪ್ರಕಟಿಸಿದರು. ಮರಳಿನಲ್ಲಿ ಅಕ್ಷರ ತಿದ್ದುವ ಕ್ರಮವನ್ನು ಅವರು ಕಲಿತದ್ದು ನಾಡಶಾಲೆಯ ಮಕ್ಕಳನ್ನು ನೋಡಿ. ಎಂಟನೆಯ ತರಗತಿಯ ಹುಡುಗಿ ಆರನೆಯ ತರಗತಿಯವರಿಗೆ ವಾರಕ್ಕೊಮ್ಮೆ ಒಂದು ಪಾಠವನ್ನು ವಿವರಿಸಲಿ, ಇಬ್ಬರಿಗೂ ಲಾಭ.

ಮನೆಯವರ ಪಾತ್ರವೂ ಇದೆ. ಕಾರ್ಖಾನೆಗೋ ಹೂವಿನ ತೋಟಕ್ಕೋ ದುಡಿಯಲು ಹೋಗಿ ಬಂದ ತಾಯಿಗೆ ಅಕ್ಷರ ಬಾರದಿರಬಹುದು. 'ಇವತ್ತು ಏನು ಕಲಿತೆ, ನನಗೆ ಅರ್ಥವಾಗುವ ಹಾಗೆ ಹೇಳು ಮಗಳೇ' ಎಂದು ಕೇಳಲು ಅಕ್ಷರ ಬೇಕಿಲ್ಲ. ಪುಸ್ತಕ ನೋಡದೆ ಹೇಳಿದರೆ ಸಾಕು, ಅದೇ ಪುನರಭ್ಯಾಸ.

ನಮ್ಮ ಕನ್ನಡ ಸಂಘಗಳು ನವೆಂಬರ್ ತಿಂಗಳಲ್ಲಿ ಮಕ್ಕಳಿಗೆ ಪುಸ್ತಕ, ಬಹುಮಾನಗಳನ್ನು ಹಂಚುತ್ತವೆ. ಆ ಕೆಲಸ ಶ್ಲಾಘ್ಯ. ಈ ವರ್ಷ ಅದರೊಡನೆ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗಾಗಿ ಒಂದು ಶನಿವಾರವನ್ನು ಮೀಸಲಿಟ್ಟು, ಪ್ರಶ್ನೆ ಹಾಕಿ ಓದುವುದು, ಮುಚ್ಚಿ ಬರೆಯುವುದು, ಮೂರು ಭಾಷೆಯ ಪದಗಳನ್ನು ಹೊಂದಿಸುವುದು ಇವಿಷ್ಟನ್ನು ಮಾಡಿಸಿ ತೋರಿಸಬೇಕೆಂದು ವಿನಂತಿ. ನಿವೃತ್ತ ಶಿಕ್ಷಕರು ನಮ್ಮ ನಡುವೆ ಅನೇಕರಿದ್ದಾರೆ, ಕರೆದರೆ ಬಾರದಿರಲಾರರು. ಕನ್ನಡ ಶಾಲೆಯ ಮಕ್ಕಳು ಹೈಯರ್ ಸೆಕೆಂಡರಿಯಲ್ಲಿ ಹಿಂದೆ ಬೀಳುವುದಿಲ್ಲವೆಂಬ ಭರವಸೆ ಹುಟ್ಟಿದರೆ, ಮಕ್ಕಳನ್ನು ಆ ಶಾಲೆಗೆ ಸೇರಿಸಲು ಹಿಂಜರಿಯುವ ತಂದೆತಾಯಿಯರೂ ಮರುಯೋಚನೆ ಮಾಡುತ್ತಾರೆ.