ಮೂರು ಮಳೆ ಮೀನಿಗೆ ಬಿಡಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಮೀನುಪ್ರಿಯರಲ್ಲಿ, ಇಲ್ಲಿ ಹೋಟೆಲ್ ನಡೆಸುವವರಲ್ಲಿ, ಜೋಗ, ಸಿಗಂದೂರು, ಆಗುಂಬೆ ನೋಡಲು ಬರುವವರಲ್ಲಿ ಒಂದು ಕೋರಿಕೆ. ಮೃಗಶಿರ, ಆರಿದ್ರ, ಪುನರ್ವಸು ಈ ಮೂರು ಮಳೆ ಮುಗಿಯುವ ತನಕ ಹೊಳೆ, ಹಳ್ಳ, ಗದ್ದೆಗೆ ಹತ್ತಿ ಬರುವ ಮೀನನ್ನು ಹಿಡಿಯಬೇಡಿ, ಕೊಳ್ಳಬೇಡಿ, ಬಡಿಸಬೇಡಿ. ಜೂನ್ ಎರಡನೇ ವಾರಕ್ಕೆ ಶುರುವಾದರೆ ಜುಲೈ ಮೂರನೇ ವಾರಕ್ಕೆ ಮುಗಿಯಿತು. ಆರು ವಾರ, ಅಷ್ಟೇ.

ಮೀನು ತಿನ್ನಬೇಡಿ ಎನ್ನುವ ಉಪದೇಶ ಇದಲ್ಲ. ತಾಜಾ ಮೀನು ಬೇಕೆನ್ನುವವರಿಗೆ ಈ ಮೂರು ತಾಲ್ಲೂಕುಗಳಷ್ಟು ಅನುಕೂಲದ ಜಾಗ ಕಡಿಮೆ. ಕಡಲು ಘಟ್ಟದ ಬುಡದಲ್ಲೇ ಇದೆ. ಹೊನ್ನಾವರದ ಮೀನು ಗೇರುಸೊಪ್ಪೆ ಘಟ್ಟ ಹತ್ತಿ ಸಾಗರಕ್ಕೆ ಬರುತ್ತದೆ, ಗಂಗೊಳ್ಳಿಯದು ಹುಲಿಕಲ್ ಘಾಟಿಯಲ್ಲಿ ಹೊಸನಗರಕ್ಕೆ, ಮಲ್ಪೆಯದು ಆಗುಂಬೆ ಹತ್ತಿ ತೀರ್ಥಹಳ್ಳಿಗೆ. ಬಂಗುಡೆ, ಬೂತಾಯಿ, ಕಾಣೆ ಯಾವುದೇ ಇರಲಿ, ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಹೆಬ್ಬೆರಳಲ್ಲಿ ಒತ್ತಿದ ಕಡೆ ಗುಳಿ ಉಳಿಯದೆ ಮಾಂಸ ಮೇಲೆದ್ದರೆ ಧೈರ್ಯವಾಗಿ ತನ್ನಿ. ಒಳನಾಡಿನ ಮೀನೇ ರುಚಿ ಎನ್ನುವವರಿಗೆ ಲಿಂಗನಮಕ್ಕಿ ಹಿನ್ನೀರಿದೆ. ಮಳೆ ಕಳೆದ ಮೇಲೆ ಅಲ್ಲಿ ತೆಪ್ಪ ಹಾಕಿ ಬಲೆ ಬಿಡುವವರಿಂದ ಕಾಟ್ಲ, ರೋಹು ಕೊಳ್ಳಬಹುದು. ಬೇಸಿಗೆಯ ಕೊನೆಗೆ ಕೆರೆಬೇಟೆ ಇದ್ದೇ ಇದೆ. ನೀರು ತಗ್ಗಿದ ಕೆರೆಗೆ ಊರವರು, ಪರವೂರವರು ಮೀನು ಹಿಡಿಯುವ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಇಳಿಯುತ್ತಾರೆ. ಕೂಣಿಗಿಷ್ಟು ಎಂದು ಕಟ್ಟಿದ ಹಣ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗುತ್ತದೆ. ಆ ಕೆರೆಯನ್ನು ವರ್ಷಪೂರ್ತಿ ಯಾರೂ ಮುಟ್ಟದೆ ಕಾದಿರುತ್ತಾರೆ, ಅದಕ್ಕೇ ಅವತ್ತು ಕೂಣಿ ತುಂಬುತ್ತದೆ. 2024ರಲ್ಲಿ ‘ಕೆರೆಬೇಟೆ’ ಹೆಸರಿನ ಸಿನಿಮಾ ಬಂದ ಮೇಲೆ ಬಯಲುಸೀಮೆಯವರಿಗೂ ಇದು ಗೊತ್ತಾಗಿದೆ.

ನಾನು ಕೇಳುತ್ತಿರುವುದು ಹತ್ತುಮೀನಿನ ವಿಷಯ. ಮೊದಲ ಜೋರು ಮಳೆಗೆ ಹಳ್ಳದಲ್ಲಿ ಕೆಂಪು ನೀರು ಬಂದ ರಾತ್ರಿ ಹಿನ್ನೀರಿನ, ಹೊಳೆಯ, ಕೆರೆಯ ಮೀನು ಪ್ರವಾಹಕ್ಕೆ ಎದುರಾಗಿ ಮೇಲೆ ಹತ್ತುತ್ತದೆ. ಮುರುಗೋಡು ಮೀನಾದರೆ ಗಾಳಿಯನ್ನೂ ಉಸಿರಾಡಬಲ್ಲದು, ಒದ್ದೆ ನೆಲದ ಮೇಲೆ ತೆವಳಿಕೊಂಡೇ ಗದ್ದೆ ಸೇರುತ್ತದೆ. ಮೀನಿಗೆ ಬೇಕಾಗಿರುವುದು ಹುಲ್ಲು ಮುಳುಗಿರುವ ತೆಳುನೀರು. ಅಲ್ಲಿ ಮೊಟ್ಟೆಯಿಟ್ಟರೆ ಮರಿಗೆ ಮೇವು ಉಂಟು, ದೊಡ್ಡ ಮೀನಿನ ಕಾಟ ಕಡಿಮೆ. ಆ ದಾರಿಯಲ್ಲೇ ನಾವು ಕೂಣಿ ಒಡ್ಡುತ್ತೇವೆ, ಬಲೆ ಕಟ್ಟುತ್ತೇವೆ, ಟಾರ್ಚು ಹಿಡಿದು ಕತ್ತಿಯಲ್ಲಿ ಕಡಿಯುತ್ತೇವೆ. ಹಾಗೆ ಸಿಕ್ಕ ಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದವರಿಗೆ ಗೊತ್ತು, ಸಾಸಿವೆಯಂಥ ಮೊಟ್ಟೆ ಬೆರಳ ಸಂದಿಯಲ್ಲಿ ಇಳಿಯುತ್ತದೆ. ಒಂದು ಕಿಲೋ ತೂಕದ ರೋಹುವಿನ ಒಡಲಲ್ಲಿ ಎರಡು ಲಕ್ಷದಷ್ಟು ಮೊಟ್ಟೆ ಇರುತ್ತದೆ. ಕುಚ್ಚುಮೀನು ಮೊಟ್ಟೆಯಿಟ್ಟು ಹೋಗಿಬಿಡುವ ಜಾತಿಯಲ್ಲ, ಮರಿ ದೊಡ್ಡದಾಗುವ ತನಕ ಕಾಯುತ್ತದೆ. ತಾಯಿತಂದೆಯನ್ನು ಹಿಡಿದರೆ ಅದರ ಮರಿಗಳೆಲ್ಲ ಮಿಕ್ಕ ಮೀನಿನ ಬಾಯಿಗೆ.

ಘಟ್ಟದ ಕೆಳಗಿನವರು ಇದೇ ದಿನಗಳಲ್ಲಿ ಏನು ಮಾಡುತ್ತಾರೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗಷ್ಟೇ ಅವಕಾಶ. ಕಡಲು ಪ್ರಕ್ಷುಬ್ಧವಾಗಿರುತ್ತದೆ ಎನ್ನುವುದು ಒಂದು ಕಾರಣ, ಮೀನು ಮರಿ ಮಾಡುವ ಕಾಲ ಎನ್ನುವುದು ಇನ್ನೊಂದು. ದೋಣಿಯನ್ನೇ ನಂಬಿದ ಸಂಸಾರಗಳು, ಬ್ಯಾಂಕಿನ ಸಾಲ ತಲೆಯ ಮೇಲಿರುವವರು, ಎರಡು ತಿಂಗಳು ಬಲೆ ಹೊಲಿಯುತ್ತ ಕೂರುತ್ತಾರೆ. ಮೀನಿನಿಂದಲೇ ಬದುಕುವ ಅವರು 61 ದಿನ ಬಿಡಬಲ್ಲರಾದರೆ, ಅಡಿಕೆ, ಭತ್ತ, ಸಂಬಳ ಇರುವ ನಮಗೆ ಆರು ವಾರ ಯಾಕಾಗದು?

ಹಿಂದಿನಿಂದಲೂ ಹಿಡಿದಿಲ್ಲವೇ ಎಂದು ಕೇಳುವವರಿದ್ದಾರೆ. ಹಿಡಿದಿದ್ದಾರೆ. ಆದರೆ ಮನೆಯ ಸಾರಿಗಾಗುವಷ್ಟು ಹಿಡಿದು ಕೂಣಿ ಎತ್ತಿಡುವುದು ಬೇರೆ, ಹಳ್ಳಕ್ಕೆ ಅಡ್ಡಡ್ಡ ಸಣ್ಣ ಕಣ್ಣಿನ ಬಲೆ ಕಟ್ಟಿ ಚೀಲ ತುಂಬುವುದು ಬೇರೆ. ಈಗಂತೂ ಬ್ಯಾಟರಿ ಇಟ್ಟು ಕರೆಂಟ್ ಕೊಡುತ್ತಾರೆ, ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಅದರಲ್ಲಿ ಮೀನಿನ ಜೊತೆ ಏಡಿ, ಕಪ್ಪೆ, ಹುಳಹುಪ್ಪಟೆ ಎಲ್ಲವೂ ಸಾಯುತ್ತವೆ, ಕೆಳಗಿನ ಮನೆಯವರು ಅದೇ ನೀರು ಕುಡಿಯುತ್ತಾರೆ. ನೀರಿಗೆ ವಿಷ ಹಾಕಿ, ತೋಟೆ ಸಿಡಿಸಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ತೋಟದವರಲ್ಲೂ ಒಂದು ಮಾತು. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಔಷಧಿ ಹೊಡೆಯುವುದೂ ಇದೇ ಮಳೆಯಲ್ಲಿ. ತಾಮ್ರ ಮೀನಿಗೆ ವಿಷ. ಡ್ರಮ್ಮು, ಪಂಪು ಹಳ್ಳದಲ್ಲಿ ತೊಳೆಯಬೇಡಿ. ತೋಟದ ಮೇಲ್ದಂಡೆಯಲ್ಲೇ ತೊಳೆದು ಆ ನೀರನ್ನು ಮಣ್ಣಿಗೆ ಇಂಗಲು ಬಿಡಿ.

ಕಳೆದುಕೊಂಡರೆ ತಿರುಗಿ ತರಲಾಗದ ಮೀನುಗಳೂ ನಮ್ಮಲ್ಲಿವೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಆ ಹೊಳೆಯ ಸೀಮೆಯಲ್ಲಿ 2004ರಲ್ಲಿ ವಿಜ್ಞಾನಿಗಳು ಹೊಸ ಮೀನೊಂದನ್ನು ಗುರುತಿಸಿ ಬಟಾಸಿಯೊ ಶರಾವತಿಯೆನ್ಸಿಸ್ ಎಂದು ಹೆಸರಿಟ್ಟರು. 2006ರಲ್ಲಿ ಇನ್ನೊಂದಕ್ಕೆ ಹೊಸನಗರದ ನಾಗೋಡಿಯ ಹೆಸರೇ ಬಂತು, ಶಿಸ್ಟುರಾ ನಾಗೋಡಿಯೆನ್ಸಿಸ್. ಕಾಟ್ಲ, ರೋಹು ಮುಗಿದರೆ ಮೀನುಗಾರಿಕೆ ಇಲಾಖೆ ಮರಿ ತಂದು ಬಿಟ್ಟೀತು. ನಾಗೋಡಿಯ ಹೆಸರಿನ ಈ ಸಣ್ಣ ಮೀನಿನ ಮರಿಯನ್ನು ಯಾರಿಂದ ಕೊಳ್ಳುವುದು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅದೆಷ್ಟೋ ಹಳ್ಳಗಳ ಕೆಳಭಾಗ ಮುಳುಗಿಹೋಯಿತು. ಅಳಿದುಳಿದ ಮೇಲ್ಭಾಗದ ಹಳ್ಳ, ಗದ್ದೆಯನ್ನಾದರೂ ಮೀನಿಗೆ ಬಿಡಬೇಕು.

ಬಿಡುವುದು ನಮಗೆ ಬಾರದ ವಿದ್ಯೆಯಲ್ಲ. ತೀರ್ಥಹಳ್ಳಿಯ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ದಡಕ್ಕೆ ಹೋಗಿ ಮಂಡಕ್ಕಿ ಎರಚಿದರೆ ಮಾರುದ್ದದ ಬೆನ್ನುಗಳು ಒಂದರ ಮೇಲೊಂದು ಹೊರಳುತ್ತವೆ. ಅಲ್ಲಿನ ಗಣಪತಿ ದೇವಸ್ಥಾನದ ಮೀನೆಂದು ಅದಕ್ಕೆ ಗಾಳ ಹಾಕುವವರಿಲ್ಲ. ಅದೇ ತುಂಗೆಗೆ ಸೇರುವ ಹಳ್ಳಗಳಿಗೆ ಅಷ್ಟೇ ಗೌರವವನ್ನು ಆರು ವಾರದ ಮಟ್ಟಿಗಾದರೂ ಕೊಡಿ ಎನ್ನುತ್ತಿದ್ದೇನೆ.

ಹೋಟೆಲಿನವರೇ, ‘ಹತ್ತುಮೀನು ಸಿಗುತ್ತದೆ’ ಎನ್ನುವ ಬೋರ್ಡು ಬೇಡ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ತುಮರಿ ಕಡೆಗೆ ಜನ ಹೆಚ್ಚಿದ್ದಾರೆ. ಊರಿನ ಮೀನು ಕೇಳುವವರೂ ಹೆಚ್ಚುತ್ತಾರೆ. ಮೂರು ಮಳೆ ಮುಗಿಯಲಿ, ಧಾರಾಳವಾಗಿ ಕೊಡುತ್ತೇವೆ ಎಂದು ಹೇಳಿ. ಮಳೆಗಾಲಕ್ಕೆಂದು ನಮ್ಮ ಹಿರಿಯರು ಒಣಮೀನು ಕೂಡಿಡುತ್ತಿದ್ದರು. ಕೆಂಡದ ಮೇಲೆ ಸುಟ್ಟ ಒಣಬಂಗುಡೆ, ಬಿಸಿ ಗಂಜಿ, ಪಕ್ಕದಲ್ಲಿ ಕಳಲೆ ಪಲ್ಯ ಇಟ್ಟು ಬಡಿಸಿ ನೋಡಿ, ಬೆಂಗಳೂರಿನವರು ಹೆಸರು ಕೇಳಿಕೊಂಡು ಮತ್ತೆ ಬರುತ್ತಾರೆ. ಹುಡುಗರೇ, ಚೀಲಗಟ್ಟಲೆ ಮೊಟ್ಟೆಮೀನು ಸುರಿದು ವಿಡಿಯೊ ಹಾಕಬೇಡಿ. ಒಂದು ವಿಡಿಯೊ ಪಕ್ಕದ ಹತ್ತು ಹಳ್ಳಕ್ಕೆ ಬಲೆ ಕಟ್ಟಿಸುತ್ತದೆ.

ಊರಿನ ಮುಖಂಡರಲ್ಲಿ, ಪಂಚಾಯಿತಿ ಸದಸ್ಯರಲ್ಲಿ ಕೊನೆಯದಾಗಿ ಕೇಳುವುದಿದೆ. ಮೇ ತಿಂಗಳಲ್ಲಿ ಕೆರೆಬೇಟೆಗೆ ದಿನ ಗೊತ್ತುಮಾಡಲು ಹೇಗೂ ಸೇರುತ್ತೀರಿ. ಅದೇ ಕೂಟದಲ್ಲಿ ನಿಮ್ಮೂರಿನ ಯಾವ ಹಳ್ಳ, ಯಾವ ಕೋಡಿಯಲ್ಲಿ ಮೀನು ಹತ್ತುತ್ತದೆ ಎಂದು ಪಟ್ಟಿ ಮಾಡಿ, ಅಲ್ಲಿ ಮೂರು ಮಳೆ ಬಲೆ ಬೀಳದಂತೆ ನೋಡಿಕೊಳ್ಳಲು ಇಬ್ಬರನ್ನು ಗೊತ್ತುಮಾಡಿ. ಕೆರೆಬೇಟೆಗೆ ಬಂದವರ ಮುಂದೆ ಅದನ್ನು ಓದಿ ಹೇಳಿ, ಮೃಗಶಿರ ಹುಟ್ಟುವ ಮೊದಲು ಕೋಡಿಯ ಬಳಿ ಒಂದು ಬೋರ್ಡು ನಿಲ್ಲಿಸಿ.