ಕುರ್ಚಿಯ ಬೆಲೆ 260 ರೂಪಾಯಿ

ನನ್ನ ಓರಗೆಯವರು ಬರೆಯುವ ಪ್ರವಾಸ ಪ್ರಬಂಧಗಳಿಗೆ ಈಚೆಗೆ ಒಂದು ಅಚ್ಚು ಸಿಕ್ಕಿಬಿಟ್ಟಿದೆ. ಊರು ಸಿಂಗಪುರವೋ ಸೈಗಾನೋ ಆಗಿರಬೇಕು. ಬೆನ್ನ ಮೇಲೆ ಬೆವರು ಇಳಿಯಬೇಕು, ಮಳೆ ಬಂದು ನಿಲ್ಲಬೇಕು, ಹಳೇ ಅಂಗಡಿಯ ಮುದುಕನೊಬ್ಬ ಬಟ್ಟೆಯ ಚೀಲದಲ್ಲಿ ಸೋಸಿದ ಕರ್ರಗಿನ ಕಾಫಿ ಕೊಡಬೇಕು. ಕೊನೆಯ ಪ್ಯಾರಾದಲ್ಲಿ ಲೇಖಕರಿಗೆ ಅಜ್ಜಿಯ ನೆನಪಾಗಬೇಕು. ಇಂಥವನ್ನು ನಾಲ್ಕಾರು ಓದಿದ್ದೇನೆ. ಒಂದನ್ನು ನಾನೇ ಬರೆದಿದ್ದೇನೆ; ಪುಣ್ಯಕ್ಕೆ ಎಲ್ಲಿಗೂ ಕಳಿಸಲಿಲ್ಲ.

ಬೆವರು, ಘಮ ಎಂದು ಪುಟಗಟ್ಟಲೆ ಬರೆಯುವ ನಾವು ಒಂದು ಸಂಗತಿಯನ್ನು ಮಾತ್ರ ಬಿಟ್ಟುಬಿಡುತ್ತೇವೆ. ಅಲ್ಲಿ ನಾವು ಕೂತಿದ್ದೆವು.

ವಿಚಾರ ಸಂಕಿರಣಕ್ಕೆಂದು ಸಿಂಗಪುರಕ್ಕೆ ಹೋಗಿದ್ದಾಗ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್‌ನಲ್ಲಿ ನಾನೂ ಕೂತೆ. ‘ಕೋಪಿ ಓ ಕೊಸೊಂಗ್’ ಅಂದರೆ ಹಾಲೂ ಸಕ್ಕರೆಯೂ ಇಲ್ಲದ ಕಾಫಿ. ಕೋಪಿ, ಕೊಸೊಂಗ್ ಮಲಯ ಭಾಷೆಯವು. ‘ಓ’ ಎಂದರೆ ಹೊಕ್ಕಿಯೆನ್ ಚೀನಿಯರ ಬಾಯಲ್ಲಿ ಕಪ್ಪು. ಒಂದು ಲೋಟಕ್ಕೆ ಎರಡು ಭಾಷೆ ಎಂದು ನಾವು ಬೆರಗಾಗುತ್ತೇವೆ. ಶಿವಾಜಿನಗರದಲ್ಲಿ ನಿಂತು ‘ಭಾಯ್, ಒಂದು ಬೈಟೂ’ ಎಂದರೆ ಮೂರಾಗುತ್ತದೆ, ಅದನ್ನು ಯಾರೂ ಪ್ರಬಂಧ ಮಾಡುವುದಿಲ್ಲ. ಅಲ್ಲಿನ ಕೋಪಿಗೆ ಸಾಮಾನ್ಯವಾಗಿ ರೋಬಸ್ಟಾ ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುತ್ತಾರೆ. ಊರಲ್ಲಿ ಚಿಕೋರಿ ಎಂದರೆ ಮೂಗು ಮುರಿಯುವವರಿಗೆ ಅಲ್ಲಿ ಅದು ‘ಪರಂಪರೆ’. ಇನ್ನೊಂದು ಮಾತು: ಡಚ್ಚರು ಜಾವಾಕ್ಕೆ ಕಾಫಿ ಸಸಿ ಒಯ್ದದ್ದು ನಮ್ಮ ಪಕ್ಕದ ಮಲಬಾರಿನಿಂದ. 1696ರಲ್ಲಿ ಒಯ್ದವು ನೆರೆಗೆ ಸಿಕ್ಕಿ ಹಾಳಾದವು, 1699ರಲ್ಲಿ ಮತ್ತೆ ಒಯ್ದರು. ಆ ಕಡೆಯ ಕಾಫಿಯನ್ನು ಹೊಸ ಲೋಕ ಕಂಡವರಂತೆ ಬಣ್ಣಿಸುವಾಗ ಸ್ವಲ್ಪ ಸಂಕೋಚವಿರಲಿ.

ಇರಲಿ, ರುಚಿಯದ್ದಲ್ಲ ನನ್ನ ತಕರಾರು. ಟೆಕ್ಕಾದಲ್ಲಿ ಒಂದೂವರೆ ಡಾಲರಿನ ಆಸುಪಾಸಿನ ಒಂದು ಲೋಟ ಹಿಡಿದು ಎರಡು ಗಂಟೆ ಕೂತಿದ್ದೆ. ಎದುರು ಕಟ್ಟಡ ಕೆಲಸದ ಇಬ್ಬರು ತಮಿಳರು, ಪಕ್ಕದಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿ, ಮೇಲೆ ಫ್ಯಾನು. ‘ಬೇರೇನು ಬೇಕು’ ಎಂದು ಯಾರೂ ಎಬ್ಬಿಸಲಿಲ್ಲ.

ಈಗ ನಮ್ಮ ದಂಡು ಪ್ರದೇಶಕ್ಕೆ ಬನ್ನಿ. ರಸೆಲ್ ಮಾರ್ಕೆಟ್ಟಿನ ಸುತ್ತ, ಹಲಸೂರಿನ ಬಜಾರಿನಲ್ಲಿ, ಕೆ.ಆರ್. ಪುರದ ತೂಗುಸೇತುವೆಯ ಬುಡದಲ್ಲಿ 20 ರೂಪಾಯಿಗೆ ಒಳ್ಳೆಯ ಕಾಫಿ ಸಿಗುತ್ತದೆ. ನಿಂತು ಕುಡಿಯಬೇಕು. ಕೂರಬೇಕೆಂದರೆ ಇಂದಿರಾನಗರದ ನೂರಡಿ ರಸ್ತೆಗೆ ಹೋಗಬೇಕು. ಕಳೆದ ವಾರ ಅಲ್ಲಿ ನಾನು ಕೊಟ್ಟದ್ದು 280. ಎರಡಕ್ಕೂ ಬೀಜ ಬಂದದ್ದು ಚಿಕ್ಕಮಗಳೂರು, ಕೊಡಗಿನ ಕಡೆಯಿಂದಲೇ ಇರಬೇಕು. ಹಾಗಾದರೆ ಉಳಿದ 260 ರೂಪಾಯಿ ಕುರ್ಚಿಗೆ.

ಕಾಫಿಗೂ ಕೂರುವುದಕ್ಕೂ ನಮ್ಮಲ್ಲಿರುವ ನಂಟು ಸಣ್ಣದಲ್ಲ. ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ಉಳಿದವರಿಗೆ ಬೇರೆ ಜಾಗ ಇದ್ದ ಕಾಲ ಬಹಳ ಹಿಂದಿನದೇನಲ್ಲ. ದಲಿತರಿಗೆ ಬೇರೆ ಲೋಟ ಇಡುವ ಹಳ್ಳಿ ಹೋಟೆಲಿನ ಸುದ್ದಿ ಈಗಲೂ ಬರುತ್ತದೆ. ಆ ಮಟ್ಟಿಗೆ ದರ್ಶಿನಿಗೆ ನಾವು ಋಣಿಗಳು: ಒಂದೇ ಎತ್ತರದ ಮೇಜಿಗೆ ಲೋಟ ಇಟ್ಟು ನಿಂತಾಗ ಪಕ್ಕದವರ ಜಾತಿ ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಆದರೆ ಅದು ಐದು ನಿಮಿಷದ ಸಮಾನತೆ. ಲೋಟ ಖಾಲಿಯಾದರೆ ನಡೀರಿ. ಕೂತು ಮಾತಾಡುವ, ಜಗಳವಾಡುವ, ಸುಮ್ಮನಿರುವ ಸಮಯ ದುಡ್ಡಿದ್ದವರಿಗೇ ಉಳಿಯಿತು. ಗಂಡಸರು ಗೂಡಂಗಡಿಯ ಪಕ್ಕದ ಕಲ್ಲಿನ ಮೇಲಾದರೂ ಕೂರುತ್ತಾರೆ. ಹೆಣ್ಣಾದ ನಾನು ಕೂತರೆ ಎರಡನೇ ನಿಮಿಷಕ್ಕೆ ‘ಯಾರಿಗೆ ಕಾಯ್ತಿದೀರ?’

ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಿಂದ ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಕೇಳುತ್ತಿದ್ದೇವೆ. ಏನೇನು ತಂದೆವು? ಮೇಲ್ಸೇತುವೆ, ಗಾಜಿನ ಕಟ್ಟಡ. ತರದೇ ಬಿಟ್ಟದ್ದು ಇದನ್ನೇ. ಸಿಂಗಪುರ 1960ರ ದಶಕದ ಕೊನೆಗೆ ತನ್ನ ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿಕೊಂಡು, ಮುಂದಿನ ಎರಡು ದಶಕಗಳಲ್ಲಿ ಅವರಿಗೆ ನೀರು, ಚರಂಡಿ, ಸೂರು, ಜೊತೆಗೆ ಗಿರಾಕಿಗೆ ಮೇಜು ಕುರ್ಚಿ ಇರುವ ಹಾಕರ್ ಸೆಂಟರುಗಳನ್ನು ಕಟ್ಟಿತು. ಈಗ ಅಂಥವು ನೂರಕ್ಕೂ ಹೆಚ್ಚಿವೆ. 2020ರಲ್ಲಿ ಆ ಸಂಸ್ಕೃತಿ ಯುನೆಸ್ಕೋ ಪಟ್ಟಿಗೂ ಸೇರಿತು. ಅದೇನೂ ಹೂವಿನ ದಾರಿಯಾಗಿರಲಿಲ್ಲ. ಬೀದಿಯಿಂದ ಎಬ್ಬಿಸುವುದರಲ್ಲಿ ಆ ಸರ್ಕಾರದ ಕೈ ಬಿಗಿಯೇ ಇತ್ತು, ಬೀದಿಗಳು ಕಳೆ ಕಳೆದುಕೊಂಡವು. ಆದರೂ ಎಬ್ಬಿಸಿದವರಿಗೆ ಜಾಗ ಕೊಟ್ಟರು. ನಮ್ಮಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದೆ. ಗಾಡಿ ಎತ್ತಿ ಲಾರಿಗೆ ಹಾಕುವಾಗ ಅದು ಯಾರ ನೆನಪಿಗೂ ಬರುವುದಿಲ್ಲ.

ಇದಕ್ಕೆ ಸಿಂಗಪುರವೇ ಬೇಕೆಂದೂ ಇಲ್ಲ. ಕಾಫಿ ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಅವನ್ನು ಉಳಿಸಿಕೊಂಡರು. ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಇದೇ ಬೆಂಗಳೂರಿನಲ್ಲಿ. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಡಬೇಕಾಗಿ ಬಂದು ಕಾಫಿ ಹೌಸು ಚರ್ಚ್ ಸ್ಟ್ರೀಟಿಗೆ ಹೋಯಿತು. ಆಗ ಊರಿನ ಬರಹಗಾರರು ಸ್ಮರಣೆ ಬರೆದರು. ಸ್ಮರಣೆ ಬರೆಯುವುದರಲ್ಲಿ ನಾವು ಗಟ್ಟಿಗರು. ಇನ್ನೂ ನಾಲ್ಕು ಕಡೆ ಅಂಥದ್ದು ಬೇಕೆಂದು ಅರ್ಜಿ ಬರೆಯಲು ನಮ್ಮ ಗದ್ಯ ಯಾಕೋ ಒಗ್ಗುವುದಿಲ್ಲ. ನೇರಳೆ ಮಾರ್ಗದ ಮೆಟ್ರೋ ಹಲಸೂರಿನಿಂದ ಕೆ.ಆರ್. ಪುರದವರೆಗೆ ನಮ್ಮ ತಲೆಯ ಮೇಲೆ ಓಡುತ್ತದೆ. ಆ ನಿಲ್ದಾಣಗಳ ಕೆಳಗಿನ ನೆರಳಿನಲ್ಲಿ ನಾಲ್ಕು ಕಾಫಿ ಗಾಡಿ, ಇಪ್ಪತ್ತು ಬೆಂಚು, ಒಂದು ನಲ್ಲಿ, ಒಂದು ಶೌಚಾಲಯ. ನಾನು ಕೇಳುತ್ತಿರುವುದು ಇಷ್ಟೇ.

ಮೊನ್ನೆ ಬೆಳಿಗ್ಗೆ ಹಲಸೂರಿನಲ್ಲಿ ಕಾಫಿ ಲೋಟ ಹಿಡಿದು ಎಲ್ಲಿ ನಿಲ್ಲಲಿ ಎಂದು ನೋಡುತ್ತಿದ್ದೆ. ಬಾಗಿಲು ಹಾಕಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದ ಪೌರಕಾರ್ಮಿಕ ಹೆಂಗಸು ಪೊರಕೆಯನ್ನು ಆಚೆ ಸರಿಸಿ ಜಾಗ ಮಾಡಿಕೊಟ್ಟರು.

“ಕೂತ್ಕೊ ಬಾಮ್ಮ. ಇನ್ನೂ ಅರ್ಧ ಗಂಟೆ ಇವ್ರು ಬಾಗ್ಲು ತೆಗ್ಯಲ್ಲ.”