ಆವಿ ಇಸ್ತ್ರಿಪೆಟ್ಟಿಗೆಯೂ ಮನೆಯ ನೀರೂ

ಇಸ್ತ್ರಿಪೆಟ್ಟಿಗೆಯು ಆವಿಯ ಬದಲು ನೀರನ್ನೇ ತೊಟ್ಟಿಕ್ಕತೊಡಗಿದರೆ, ಬಿಳಿಯ ಪಂಚೆಯ ಮೇಲೆ ಕಂದು ಕಲೆಯೊಂದು ಮೂಡಿದರೆ, ‘ಪೆಟ್ಟಿಗೆ ಕೆಟ್ಟಿತು’ ಎಂದು ತೀರ್ಪು ಕೊಟ್ಟು ಹೊಸದನ್ನು ಕೊಳ್ಳುವವರು ಹಲವರು. ಈ ತೀರ್ಪು ಅವಸರದ್ದೆಂದು ನಮ್ಮ ಅಭಿಪ್ರಾಯ. ಅನೇಕ ವೇಳೆ ದೋಷವಿರುವುದು ಪೆಟ್ಟಿಗೆಯಲ್ಲಲ್ಲ. ಅದಕ್ಕೆ ನಾವು ಒದಗಿಸುವ ನೀರಿನಲ್ಲಿ, ಇಲ್ಲವೆ ವಿದ್ಯುತ್ತಿನಲ್ಲಿ.

ಮೊದಲು ತೊಟ್ಟಿಕ್ಕುವ ವಿಚಾರ. ಪೆಟ್ಟಿಗೆಯೊಂದು ನಿಮಿಷಕ್ಕೆ 20 ಗ್ರಾಂ ಆವಿಯನ್ನು ಕೊಡುವುದೆಂದು ಭಾವಿಸೋಣ. 30 ಡಿಗ್ರಿಯ ನೀರನ್ನು 100 ಡಿಗ್ರಿಗೆ ಏರಿಸಲು ಗ್ರಾಮೊಂದಕ್ಕೆ 70 ಕ್ಯಾಲೊರಿ ಶಾಖ ಬೇಕು. ಕುದಿಯುವ ನೀರು ಆವಿಯಾಗಲು ಮತ್ತೆ 540 ಕ್ಯಾಲೊರಿ ಬೇಕು. ಲೆಕ್ಕ ಹಾಕಿದರೆ, ಆವಿಯೊಂದಕ್ಕೇ ಸುಮಾರು 850 ವಾಟ್ ವ್ಯಯವಾಗುವುದು. 230 ವೋಲ್ಟಿಗೆ 1,250 ವಾಟ್ ಎಂದು ಗುರುತಿಸಿದ ಪೆಟ್ಟಿಗೆಗೆ ಇದು ಕಷ್ಟವಲ್ಲ. ಆದರೆ ಸಂಜೆಯ ಹೊತ್ತು ವೋಲ್ಟೇಜು 180ಕ್ಕೆ ಇಳಿಯಿತೆನ್ನಿ. ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದರಿಂದ, ಆಗ ಅದಕ್ಕೆ ದೊರೆಯುವುದು ಸುಮಾರು 765 ವಾಟ್ ಮಾತ್ರ! ಆವಿಯಾಗದೆ ಉಳಿದ ನೀರು ರಂಧ್ರಗಳಿಂದ ಇಳಿಯದೆ ಇನ್ನೇನು ಮಾಡೀತು? ರೇಷ್ಮೆಗೆಂದು ಶಾಖದ ಗುಂಡಿಯನ್ನು ಕೆಳಮಟ್ಟದಲ್ಲಿಟ್ಟು ಆವಿಯನ್ನು ಬಯಸಿದಾಗಲೂ ಇದೇ ಗತಿ.

ಇನ್ನು ನೀರು. ಕೊಳವೆಬಾವಿಯ ನೀರು ನೆಲದೊಳಗಿನ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಅದರಲ್ಲಿನ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾಯುತ್ತಲೇ ವಿಭಜನೆ ಹೊಂದಿ, ನೀರಿನಲ್ಲಿ ಕರಗದ ಕಾರ್ಬೊನೇಟಾಗಿ, ಪೆಟ್ಟಿಗೆಯ ಒಳಮೈಗೆ ಹಕ್ಕಳೆಗಟ್ಟುತ್ತದೆ. ಬಚ್ಚಲ ಹಂಡೆಯ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿದವರಿಗೆ ಇದು ಪರಿಚಿತವೇ. ಈ ಹಕ್ಕಳೆಯು ಶಾಖವನ್ನು ತಡೆಯುತ್ತದೆ, ರಂಧ್ರಗಳನ್ನು ಮುಚ್ಚುತ್ತದೆ.

ವಿನಿಗರನ್ನೋ ನಿಂಬೆಯ ರಸವನ್ನೋ ಸುರಿಯಿರೆಂಬ ಸಲಹೆ ಎಲ್ಲೆಡೆಯೂ ಪ್ರಚಾರದಲ್ಲಿದೆ. ಆಮ್ಲವು ಕಾರ್ಬೊನೇಟನ್ನು ಕರಗಿಸುವುದು ನಿಜ. ಆದರೆ ಹಕ್ಕಳೆ ಯಾವುದು, ಲೋಹ ಯಾವುದು ಎಂಬ ವಿವೇಕ ಆಮ್ಲಕ್ಕಿಲ್ಲ. ಅನೇಕ ತಯಾರಕರು ತಮ್ಮ ಕೈಪಿಡಿಗಳಲ್ಲಿ ಇದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ. (ಆ ಕೈಪಿಡಿ ಕನ್ನಡದಲ್ಲಿ ದೊರೆಯುವುದು ಅಪರೂಪವೆಂಬುದು ಬೇರೆಯೇ ದುಃಖ.) ಒಳಗನ್ನು ತೊಳೆಯುವ ಗುಂಡಿಯಿರುವ ಪೆಟ್ಟಿಗೆಯಾದರೆ, ನೀರು ತುಂಬಿ, ಪೂರ್ಣ ಶಾಖಕ್ಕೆ ಕಾಯಿಸಿ, ಪ್ಲಗ್ಗನ್ನು ಕಿತ್ತ ಬಳಿಕ ಬಚ್ಚಲಿನ ಮೇಲೆ ಅಡ್ಡಲಾಗಿ ಹಿಡಿದು ಗುಂಡಿಯನ್ನು ಒತ್ತಬೇಕು. ಕುದಿನೀರಿನೊಡನೆ ಬಿಳಿಯ ಚೂರುಗಳು ಉದುರುತ್ತವೆ, ಕೈ ಜೋಕೆ. ಮುಂದೆ ಬಾವಿಯ ನೀರನ್ನು ಕುದಿಸಿ, ಆರಿಸಿ, ಮೇಲಣ ತಿಳಿಯನ್ನಷ್ಟೇ ಬಳಸಿದರೆ ಗಡಸುತನದ ಒಂದು ಪಾಲು ಪಾತ್ರೆಯ ತಳದಲ್ಲಿಯೇ ಉಳಿಯುವುದು.

ಕಂದು ಕಲೆಗೆ ಹಲವು ವೇಳೆ ಗಂಜಿಯೇ ಕಾರಣ. ಬಟ್ಟೆಯ ಪಿಷ್ಟವು ತಳಕ್ಕೆ ಅಂಟಿ ಕರಿಕಾಗುತ್ತದೆ. ಪೆಟ್ಟಿಗೆ ತಣಿದ ಮೇಲೆ ಒದ್ದೆ ಬಟ್ಟೆಯಿಂದ ಒರಸಬೇಕು; ಚಾಕುವನ್ನಾಗಲಿ ಪಾತ್ರೆ ಉಜ್ಜುವ ತಂತಿಯನ್ನಾಗಲಿ ಸೋಕಿಸಲಾಗದು.

ಮುಟ್ಟಿದಾಗ ಕೈ ಜುಮ್ಮೆಂದರೆ, ತಂತಿಯ ಹೊದಿಕೆ ಬಿರಿದಿದ್ದರೆ, ಈ ಲೆಕ್ಕಾಚಾರಗಳನ್ನೆಲ್ಲ ಬದಿಗಿಡಿ. ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯನ್ನು ರಿಪೇರಿಯವರಲ್ಲಿಗೆ ಕೊಂಡೊಯ್ಯಿರಿ.